ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಹೋಲ್ ಶಸ್ತ್ರಚಿಕಿತ್ಸೆ, ಆಮೇಲಿನ ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎದೆಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ರೋಗಿಗಳಿಗಿಂತ ಅವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು ನನ್ನನ್ನು ಹೆಚ್ಚು ಪ್ರಶ್ನೆ ಕೇಳುತ್ತಾರೆ. ಕಾರಿಡಾರಿನಲ್ಲಿ ನಿಂತು ಅರ್ಧ ಉತ್ತರ ಕೊಟ್ಟು ಮುಂದಿನ ಹಾಸಿಗೆಗೆ ಓಡುವುದು ನನ್ನ ದಿನಚರಿ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮ ವೈದ್ಯರು ನಿಮ್ಮ ದೇಹಸ್ಥಿತಿ ನೋಡಿ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಬೇಕು.

‘ಇರಾಸ್’ ಎಂದರೇನು? ಬೇಗ ಹಾಸಿಗೆ ಖಾಲಿ ಮಾಡಿಸುವ ಉಪಾಯವೇ?

ಅನುಮಾನ ಸಹಜ. ಎದೆಗೆ ಕತ್ತರಿ ಹಾಕಿದ ನಾಲ್ಕನೆಯ ದಿನ ‘ಇನ್ನು ಮನೆಗೆ ಹೊರಡಿ’ ಎಂದರೆ ಯಾರಿಗಾದರೂ ಹಾಗೆನಿಸುತ್ತದೆ. ‘ಎನ್‌ಹಾನ್ಸ್ಡ್ ರಿಕವರಿ ಆಫ್ಟರ್ ಸರ್ಜರಿ’, ಅಂದರೆ ಶಸ್ತ್ರಚಿಕಿತ್ಸೆಯ ನಂತರದ ಉತ್ತಮ ಚೇತರಿಕೆ, ಎಂಬುದರ ಇಆರ್‌ಎಎಸ್ ಎಂಬ ನಾಲ್ಕಕ್ಷರವನ್ನು ನಾವು ಕೂಡಿಸಿ ‘ಇರಾಸ್’ ಎನ್ನುತ್ತೇವೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಕರುಳಿನ ಶಸ್ತ್ರಚಿಕಿತ್ಸೆ ಆದವರನ್ನು ನೋಡಿಕೊಳ್ಳುತ್ತಾ, ಗಾಯ ಚೆನ್ನಾಗಿದ್ದರೂ ಇವರು ಇನ್ನೂ ಆಸ್ಪತ್ರೆಯಲ್ಲಿ ಉಳಿದಿರುವುದು ಏತಕ್ಕೆ ಎಂದು ಹುಡುಕಲು ಹೊರಟರು. ನೋವು, ವಾಂತಿ, ಹೊಟ್ಟೆಗೆ ಏನೂ ಸೇರದಿರುವುದು, ಮೈತುಂಬ ನಳಿಕೆಗಳು, ಮಲಗಿ ಮಲಗಿ ಬಂದ ಸುಸ್ತು: ಹೀಗೆ ಕಾರಣಗಳು ಒಂದೊಂದಾಗಿ ಸಿಕ್ಕವು. ಇವುಗಳಲ್ಲಿ ಬಹುಪಾಲು ರೋಗದಿಂದ ಬಂದವಲ್ಲ, ನಾವು ನೋಡಿಕೊಳ್ಳುವ ರೀತಿಯಿಂದ ಬಂದವು. ಅವನ್ನು ಒಂದೊಂದಾಗಿ ತೆಗೆದುಹಾಕುವ ಕ್ರಮವೇ ಇರಾಸ್. ದಿನಗಳು ಕಡಿಮೆಯಾಗುವುದು ಅದರ ಫಲವೇ ಹೊರತು ಗುರಿಯಲ್ಲ.

ಕರುಳಿನಿಂದ ಶುರುವಾದದ್ದು ನಿಧಾನವಾಗಿ ಉಳಿದ ಅಂಗಗಳಿಗೂ ಬಂತು. ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆಂದೇ ಇರಾಸ್ ಸೊಸೈಟಿ ಮತ್ತು ಯುರೋಪಿನ ಎದೆ ಶಸ್ತ್ರವೈದ್ಯರ ಸಂಘ ಕೂಡಿ 2019ರಲ್ಲಿ 45 ಶಿಫಾರಸುಗಳನ್ನು ಹೊರತಂದವು. ನಮ್ಮ ವಾರ್ಡಿನ ಪಟ್ಟಿಯೂ ಹೆಚ್ಚುಕಡಿಮೆ ಅದರ ಮೇಲೆಯೇ ನಿಂತಿದೆ. ಅವುಗಳಲ್ಲಿ ಯಾವುದೂ ಒಂಟಿಯಾಗಿ ಪವಾಡ ಮಾಡುವುದಿಲ್ಲ. ಎಲ್ಲವೂ ಜೊತೆಯಾಗಿ ನಡೆದಾಗ ಮಾತ್ರ ಫಲ ಕಾಣುತ್ತದೆ.

ಬೆರಳುದ್ದದ ಗಾಯದಿಂದ ಶ್ವಾಸಕೋಶದ ತುಂಡನ್ನು ಹೇಗೆ ತೆಗೆಯುತ್ತಾರೆ?

ಶ್ವಾಸಕೋಶ ಸ್ಪಂಜಿನಂಥದ್ದು. ಗಾಳಿ ಹೋದರೆ ಮುದುಡಿಕೊಳ್ಳುತ್ತದೆ. ಪಕ್ಕೆಲುಬುಗಳ ನಡುವೆ ಒಂದರಿಂದ ನಾಲ್ಕು ಸಣ್ಣ ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣಗಳನ್ನು ಇಳಿಸುತ್ತಾರೆ. ರಕ್ತನಾಳಗಳನ್ನೂ ಶ್ವಾಸನಾಳದ ಕವಲನ್ನೂ ಸ್ಟೇಪ್ಲರಿನಿಂದ ಮುಚ್ಚಿ ಕತ್ತರಿಸಿ, ತೆಗೆದ ಭಾಗವನ್ನು ಒಳಗೇ ಒಂದು ಚೀಲಕ್ಕೆ ಹಾಕಿ, ರಂಧ್ರಗಳಲ್ಲಿ ದೊಡ್ಡದರಿಂದ ಹೊರಗೆಳೆಯುತ್ತಾರೆ. ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ಎದೆಯ ಪಕ್ಕವನ್ನು ಉದ್ದಕ್ಕೆ ಕೊಯ್ದು, ಲೋಹದ ಉಪಕರಣದಿಂದ ಪಕ್ಕೆಲುಬುಗಳನ್ನು ಅಗಲಿಸಬೇಕಿತ್ತು. ರೋಗಿಗಳು ತಿಂಗಳುಗಟ್ಟಲೆ ನರಳುತ್ತಿದ್ದದ್ದು ಆ ಅಗಲಿಸುವಿಕೆಯಿಂದಲೇ. ಕೀಹೋಲ್‌ನಲ್ಲಿ ಪಕ್ಕೆಲುಬನ್ನು ಹಿಗ್ಗಿಸುವುದಿಲ್ಲ.

ಬ್ರಿಟನ್ನಿನ 9 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ಈ ಎರಡು ವಿಧಾನಗಳನ್ನು ಹೋಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕೀಹೋಲ್ ಆದವರಿಗೆ ನೋವು ಕಡಿಮೆ ಇತ್ತು, ಐದು ವಾರಗಳ ನಂತರ ಓಡಾಟ ಹೆಚ್ಚು ಸರಾಗವಾಗಿತ್ತು. ಕ್ಯಾನ್ಸರನ್ನು ತೆಗೆಯುವುದರಲ್ಲಿ ಏನೂ ರಾಜಿಯಾಗಿರಲಿಲ್ಲ. ರೋಬೋಟ್ ಬಳಸಿದರೂ ತತ್ತ್ವ ಇದೇ. ಯಂತ್ರದ ಕೈಯನ್ನು ನಡೆಸುವುದು ಪಕ್ಕದಲ್ಲಿ ಕುಳಿತ ಶಸ್ತ್ರವೈದ್ಯರೇ.

ಒಂದು ಮಾತನ್ನು ಮುಂಚೆಯೇ ತಿಳಿದಿರಿ. ನಮ್ಮಲ್ಲಿ ಅನೇಕರಿಗೆ ಹಿಂದೆ ಯಾವಾಗಲೋ ಕ್ಷಯ ಬಂದು ಹೋಗಿರುತ್ತದೆ. ಅಂಥವರ ಶ್ವಾಸಕೋಶ ಎದೆಗೂಡಿನ ಗೋಡೆಗೆ ಅಂಟಿಕೊಂಡಿರುತ್ತದೆ, ಗ್ರಂಥಿಗಳು ರಕ್ತನಾಳವನ್ನು ಕಚ್ಚಿ ಹಿಡಿದಿರುತ್ತವೆ. ಆಗ ಕೀಹೋಲ್ ಬಿಟ್ಟು ತೆರೆದು ಮಾಡಬೇಕಾಗಬಹುದು. ಅದು ಸೋಲಲ್ಲ, ಎಚ್ಚರ. ಸಹಿ ಮಾಡುವ ಕಾಗದದಲ್ಲಿ ಈ ಸಾಧ್ಯತೆಯನ್ನು ಬರೆದಿರುತ್ತಾರೆ, ಓದದೆ ಸಹಿ ಮಾಡಬೇಡಿ.

ಒಂದು ಭಾಗ ತೆಗೆದರೆ ಉಳಿದದ್ದರಲ್ಲಿ ಉಸಿರಾಡಲು ಸಾಧ್ಯವೇ?

ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ವೈದ್ಯರ ಲೆಕ್ಕದಲ್ಲಿ ಇವೆಲ್ಲ ಸೇರಿ 19 ಉಪಭಾಗಗಳು. ಬಲ ಮೇಲಿನ ಹಾಲೆಯಲ್ಲಿ ಮೂರು ಇವೆ. ಅದನ್ನು ತೆಗೆದರೆ 19ರಲ್ಲಿ 16 ಉಳಿಯುತ್ತವೆ. ಊದುವ ಪರೀಕ್ಷೆಯಲ್ಲಿ ನಿಮ್ಮ ಸಾಮರ್ಥ್ಯ ಶೇ 80 ಎಂದು ಬಂದಿದ್ದರೆ, ಶಸ್ತ್ರಚಿಕಿತ್ಸೆಯ ನಂತರ ಸುಮಾರು ಶೇ 67 ಉಳಿಯುತ್ತದೆಂದು ಅಂದಾಜು. ಅಷ್ಟಿದ್ದರೆ ಸಂತೆಗೆ ನಡೆದು ಹೋಗಿ ಬರಲು ಧಾರಾಳವಾಗಿ ಸಾಕು. ಲೆಕ್ಕ ಅಂಚಿನಲ್ಲಿದ್ದರೆ ಮೆಟ್ಟಿಲು ಹತ್ತಿಸಿ ನೋಡುತ್ತಾರೆ. ನಿಲ್ಲದೆ 22 ಮೀಟರ್ ಎತ್ತರಕ್ಕೆ ಏರಬಲ್ಲವರಿಗೆ ಅಪಾಯ ಕಡಿಮೆ ಎಂಬುದು ಒಪ್ಪಿತ ಮಾತು. ದುಬಾರಿ ಯಂತ್ರಗಳ ನಡುವೆ ಈ ಮೆಟ್ಟಿಲ ಪರೀಕ್ಷೆ ನನಗೆ ಬಹಳ ಇಷ್ಟ.

ಗಡ್ಡೆ 2 ಸೆಂ.ಮೀ. ಒಳಗಿದ್ದು, ಶ್ವಾಸಕೋಶದ ಹೊರ ಅಂಚಿನಲ್ಲಿದ್ದು, ಗ್ರಂಥಿಗಳಿಗೆ ಹರಡದಿದ್ದರೆ ಇಡೀ ಹಾಲೆಯ ಬದಲು ಅದರ ಒಂದು ಉಪಭಾಗವನ್ನಷ್ಟೇ ತೆಗೆಯಬಹುದು. ಜಪಾನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2022ರಲ್ಲಿ, ಉತ್ತರ ಅಮೆರಿಕ ಮುಖ್ಯವಾಗಿದ್ದ ಇನ್ನೊಂದು 2023ರಲ್ಲಿ ಇದಕ್ಕೆ ಬಲ ಕೊಟ್ಟವು. ನಿಮಗೆ ಇದು ಹೊಂದುತ್ತದೆಯೇ ಎಂದು ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಿಲ್ಲ. ‘ಎದೆಯಲ್ಲಿ ಕಫದ ಗಂಟು’ ಎಂದಿದ್ದೇವೆ. ನೀವೂ ಹಾಗೇ ಹೇಳುತ್ತೀರಾ?

ಈ ಪ್ರಶ್ನೆಯನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಪಿಸುಮಾತಿನಲ್ಲಿ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ ಎಂಬುದು ನನಗೆ ಗೊತ್ತು. ಆದರೆ ಇರಾಸ್‌ನ ಅರ್ಧ ಕೆಲಸ ರೋಗಿಯ ಕೈಯಲ್ಲಿದೆ. ಬೀಡಿ ಬಿಡಬೇಕು, ದಿನಾ ನಡೆಯಬೇಕು, ನೋವಿದ್ದರೂ ಕೆಮ್ಮಬೇಕು. ಬರೀ ಕಫದ ಗಂಟಿಗೆ ಇಷ್ಟೆಲ್ಲ ಏಕೆ ಎಂದು ಅವರು ಕೇಳಿದರೆ ನಿಮ್ಮಲ್ಲಿ ಉತ್ತರವಿದೆಯೇ? ಅದಲ್ಲದೆ, ವಾರ್ಡಿನ ಫಲಕ, ಕಡತದ ಮೇಲಿನ ಅಕ್ಷರ, ಪಕ್ಕದ ಹಾಸಿಗೆಯವರ ಮಾತು, ಇವೆಲ್ಲ ಎಷ್ಟು ದಿನ ಗುಟ್ಟು ಕಾಯುತ್ತವೆ? ಬಹಳಷ್ಟು ಹಿರಿಯರಿಗೆ ವಿಷಯ ಆಗಲೇ ಗೊತ್ತಿರುತ್ತದೆ, ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೇ ಸುಮ್ಮನಿರುತ್ತಾರೆ. ವೈದ್ಯರ ಎದುರಿಗೆ, ಮನೆಯವರೆಲ್ಲ ಕುಳಿತು, ‘ಗಡ್ಡೆ ಇದೆ, ತೆಗೆಯಬಹುದಾದ ಹಂತದಲ್ಲಿದೆ’ ಎಂದು ನೇರವಾಗಿ ಹೇಳಿಬಿಡಿ. ತೆಗೆಯಬಹುದಾದ ಹಂತ ಎಂಬುದು ಸಣ್ಣ ಮಾತಲ್ಲ.

ದಿನ ನಿಗದಿಯಾಗಿದೆ. ನಲವತ್ತು ವರ್ಷದ ಬೀಡಿಯನ್ನು ಈಗ ಬಿಟ್ಟು ಏನು ಪ್ರಯೋಜನ?

ಬಹಳ ಪ್ರಯೋಜನವಿದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ಒಳ್ಳೆಯದು. ಅಷ್ಟು ಸಮಯವಿಲ್ಲದಿದ್ದರೆ ಇವತ್ತೇ ಬಿಡಿ. ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮುಂಚೆ ಬಿಟ್ಟರೆ ಕಫ ಹೆಚ್ಚಿ ಕೆಡುಕಾಗುತ್ತದೆ ಎಂಬ ಹಳೆಯ ಹೆದರಿಕೆಗೆ ಆಧಾರವಿಲ್ಲ. ಕಫವನ್ನು ಮೇಲಕ್ಕೆ ದೂಡುವ ಸೂಕ್ಷ್ಮ ರೋಮಗಳು ಹೊಗೆ ನಿಂತಮೇಲೆ ಮತ್ತೆ ಕೆಲಸ ಹಿಡಿಯುತ್ತವೆ, ಗಾಯ ಬೇಗ ಮಾಯುತ್ತದೆ. ಬೀಡಿ ಬಿಟ್ಟು ಗುಟ್ಕಾ ಹಿಡಿಯುವುದನ್ನು ಬಿಟ್ಟಂತೆ ಎಣಿಸುವುದಿಲ್ಲ. ಮದ್ಯಪಾನವನ್ನೂ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ದಿನಾ ಕುಡಿಯುವ ಅಭ್ಯಾಸವಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಹಠಾತ್ತಾಗಿ ನಿಲ್ಲಿಸುವುದೂ ಅಪಾಯಕರ.

ಒಂದು ದಮ್ಮೂ ಎಳೆಯದ ಹೆಂಗಸರಿಗೂ ಈ ರೋಗ ಬರುತ್ತದೆ. ಅವರಿಗೆ ‘ನೀವೇನು ಮಾಡಿದಿರಿ’ ಎಂಬ ಧಾಟಿಯ ಪ್ರಶ್ನೆ ಬೇಡ. ಬೀಡಿ ಸೇದಿದವರಿಗೂ ಬೇಡ.

ಮೂರು ಚೆಂಡಿನ ಡಬ್ಬಿ ಕೊಟ್ಟಿದ್ದಾರೆ. ಎಷ್ಟು ಊದಿದರೂ ಚೆಂಡು ಏಳುತ್ತಿಲ್ಲ!

ಏಕೆಂದರೆ ಅದು ಊದುವ ಸಾಧನವಲ್ಲ, ಎಳೆಯುವ ಸಾಧನ. ಹತ್ತರಲ್ಲಿ ಆರು ಜನ ಊದುತ್ತಲೇ ಇರುತ್ತಾರೆ (ಇದು ನನ್ನ ಕಣ್ಣಂದಾಜು, ಅಧ್ಯಯನವಲ್ಲ). ನೆಟ್ಟಗೆ ಕುಳಿತು, ಉಸಿರನ್ನು ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಎಳನೀರನ್ನು ಕೊಳವೆಯಿಂದ ಹೀರುವಂತೆ ನಿಧಾನವಾಗಿ ಒಳಗೆಳೆಯಿರಿ. ಚೆಂಡು ಮೇಲಿರುವಾಗ ಎರಡು ಮೂರು ಸೆಕೆಂಡು ತಡೆದು ಬಿಡಿ. ಮೂರೂ ಚೆಂಡು ಏಳಲೇಬೇಕೆಂಬ ಪಂದ್ಯ ಬೇಡ. ಎರಡನ್ನು ಹೆಚ್ಚು ಹೊತ್ತು ಎತ್ತಿ ಹಿಡಿಯುವುದೇ ಮೇಲು.

ನಿಜ ಹೇಳಬೇಕೆಂದರೆ, ಈ ಡಬ್ಬಿಯೊಂದರಿಂದಲೇ ತೊಡಕು ಕಡಿಮೆಯಾಗುತ್ತದೆಂದು ಅಧ್ಯಯನಗಳು ಬಲವಾಗಿ ಹೇಳುವುದಿಲ್ಲ. ಹೆಚ್ಚು ನೆರವಾಗುವುದು ನಡಿಗೆ. ಶಸ್ತ್ರಚಿಕಿತ್ಸೆಗೆ ಎರಡು ಮೂರು ವಾರವಿದ್ದರೆ ದಿನಕ್ಕೆ ಅರ್ಧ ಗಂಟೆ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು, ಅಷ್ಟು ವೇಗದಲ್ಲಿ ನಡೆಯಿರಿ. ಮನೆಯಲ್ಲಿ ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಗದ್ದೆ, ತೋಟದಲ್ಲಿ ದುಡಿದ ದೇಹಗಳು ಇದರಲ್ಲಿ ನಗರದ ಕಚೇರಿಯವರನ್ನು ಸುಲಭವಾಗಿ ಹಿಂದೆ ಹಾಕುತ್ತವೆ.

ಏನು ತಿನ್ನಿಸಬೇಕು? ಮೊಟ್ಟೆ, ಮೀನು, ಬದನೆಕಾಯಿ ನಂಜಲ್ಲವೇ?

ಗಾಯ ಕೀವಾಗುತ್ತದೆ ಎಂದು ಬೇಳೆ, ಮೊಟ್ಟೆ, ಮೀನು ಎಲ್ಲ ಬಿಡಿಸಿ, ಬರೀ ಅನ್ನ ತಿಳಿಸಾರು, ಸುಟ್ಟ ಹಪ್ಪಳದ ಮೇಲೆ ಹದಿನೈದು ದಿನ ಇಟ್ಟ ಮನೆಗಳನ್ನು ನೋಡಿದ್ದೇನೆ. ಮಾಯಬೇಕಾದ ಗಾಯಕ್ಕೆ ಬೇಕಿರುವುದು ಪ್ರೋಟೀನ್. ನಂಜೆಂದು ಮೊದಲು ಕೈಬಿಡುವುದೂ ಅದನ್ನೇ. ಗಾಯ ಕೀವಾಗುವುದು ಸೋಂಕಿನಿಂದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿಂದ. ಬದನೆಕಾಯಿಗೂ ಕೀವಿಗೂ ಸಂಬಂಧವಿಲ್ಲ.

ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ 66ರಿಂದ 82 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಹಾಗಾಗಿ ‘ಬೆಳಿಗ್ಗೆ ಒಂದು ಮೊಟ್ಟೆ ಕೊಟ್ಟಿದ್ದೇವೆ’ ಎಂದರೆ ಲೆಕ್ಕ ಮುಗಿಯುವುದಿಲ್ಲ. ಗಟ್ಟಿ ಬೇಳೆ, ಮೊಳಕೆ ಹೆಸರುಕಾಳಿನ ಉಸಲಿ, ಹುರಿಗಡಲೆ ಪುಡಿ ಬೆರೆಸಿದ ರಾಗಿ ಗಂಜಿ, ಮೊಸರು, ಪನೀರ್, ಶೇಂಗಾ, ತಿನ್ನುವವರಿಗೆ ಮೀನು, ಕೋಳಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಈಚೆಗೆ ತೂಕ ಇಳಿದಿದ್ದರೆ, ರಕ್ತಹೀನತೆ ಇದ್ದರೆ ಮುಂಚೆಯೇ ಹೇಳಿ. ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಸರಿಪಡಿಸುವುದು ಇರಾಸ್‌ನ ಭಾಗ.

ಹಿಂದಿನ ರಾತ್ರಿಯಿಂದಲೇ ನಿರ್ಜಲ ಉಪವಾಸವೇ?

ಅಲ್ಲ, ಏಕಾದಶಿಯಲ್ಲ ಇದು. ಘನ ಆಹಾರ ಆರು ಗಂಟೆ ಮೊದಲಿನವರೆಗೆ, ತಿಳಿ ದ್ರವ ಎರಡು ಗಂಟೆ ಮೊದಲಿನವರೆಗೆ ನಡೆಯುತ್ತದೆ. ತಿಳಿ ಎಂದರೆ ಲೋಟದ ಆಚೆ ಬದಿ ಕಾಣುವಂಥದ್ದು: ನೀರು, ಹಾಲಿಲ್ಲದ ಚಹಾ, ಸೋಸಿದ ಸೇಬಿನ ರಸ. ಹಾಲು ಹಾಕಿದ ಕಾಫಿ, ಮಜ್ಜಿಗೆ, ಗಂಜಿ ತಿಳಿಯಲ್ಲ. ಅವು ಆರು ಗಂಟೆಯ ಲೆಕ್ಕಕ್ಕೆ ಸೇರುತ್ತವೆ. ಎರಡು ಗಂಟೆ ಮೊದಲು ಒಂದು ಸಿಹಿ ಪಾನೀಯವನ್ನು ಆಸ್ಪತ್ರೆಯಲ್ಲೇ ಕೊಡಬಹುದು. ಇದರಿಂದ ಬಾಯಾರಿಕೆ, ಸಂಕಟ ಕಡಿಮೆಯಾಗುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ ಲೆಕ್ಕ ಬೇರೆ, ಅದನ್ನು ಅರಿವಳಿಕೆ ವೈದ್ಯರು ಹೇಳುತ್ತಾರೆ.

ಮಾತ್ರೆಗಳ ವಿಷಯದಲ್ಲಿ ಊಹೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ, ತೂಕ ಇಳಿಸುವ ಚುಚ್ಚುಮದ್ದು, ಆಯುರ್ವೇದದ ಕಷಾಯ, ನಾಟಿ ಔಷಧ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಂದು ಮೇಜಿನ ಮೇಲೆ ಸುರಿಯಿರಿ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ನಾವು ಬರೆದುಕೊಡುತ್ತೇವೆ. ರಕ್ತದೊತ್ತಡಕ್ಕೆ, ಹೃದಯಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳನ್ನು ಆ ದಿನ ಬೆಳಿಗ್ಗೆಯೂ ನುಂಗಬೇಕಾಗುತ್ತದೆ.

ಒಳಗೆ ಏನೇನು ಮಾಡುತ್ತಾರೆ?

ಶಸ್ತ್ರಚಿಕಿತ್ಸೆ ಆಗುವ ಕಡೆಯ ಶ್ವಾಸಕೋಶವನ್ನು ಮುದುಡಿಸಿ, ಇನ್ನೊಂದರಿಂದ ಮಾತ್ರ ಉಸಿರಾಡಿಸುತ್ತಾರೆ. ಅದಕ್ಕೆಂದೇ ಜೋಡಿಕೊಳವೆಯ ನಳಿಕೆ ಇದೆ. ಎಚ್ಚರವಾದ ಮೇಲೆ ಒಂದೆರಡು ದಿನ ಗಂಟಲು ಕೆರೆಯುವುದು ಅದರಿಂದಲೇ. ಸೋಂಕು ತಡೆಯುವ ಔಷಧವನ್ನು ಕೊಯ್ಯುವ ಮುನ್ನ ಒಂದು ಗಂಟೆಯೊಳಗೆ ಕೊಡುತ್ತಾರೆ. ಮೈ ತಣ್ಣಗಾಗದಂತೆ ಬಿಸಿಗಾಳಿಯ ಹೊದಿಕೆ ಹೊದಿಸುತ್ತಾರೆ. ಸಲೈನನ್ನು ಅಳೆದು ಕೊಡುತ್ತಾರೆ. ‘ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ’ ಎಂಬ ನಂಬಿಕೆಗೆ ಇಲ್ಲಿ ಜಾಗವಿಲ್ಲ. ಹೆಚ್ಚಾದ ನೀರು ಶ್ವಾಸಕೋಶದಲ್ಲೇ ನಿಲ್ಲುತ್ತದೆ. ಮೂತ್ರದ ನಳಿಕೆಯನ್ನು ಎಲ್ಲರಿಗೂ ಹಾಕುವುದಿಲ್ಲ. ಹಾಕಿದರೂ ಬೇಗ ತೆಗೆಯುತ್ತಾರೆ.

ಅಮ್ಮ ‘ನೋವು ತಡೆದುಕೊಳ್ಳುತ್ತೇನೆ’ ಎನ್ನುತ್ತಾರೆ. ನೋವಿನ ಔಷಧ ಹೆಚ್ಚಾದರೆ ಅಭ್ಯಾಸವಾಗುವುದಿಲ್ಲವೇ?

ಇಡೀ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ. ಎದೆಯ ನೋವು ಕಾಲಿನ ನೋವಿನಂತಲ್ಲ. ನೋಯುತ್ತದೆಂದು ಮನುಷ್ಯ ಮೇಲುಮೇಲಿನ ಉಸಿರು ತೆಗೆದುಕೊಳ್ಳುತ್ತಾನೆ, ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಕಫ ಕೆಳಗೆ ಕೂರುತ್ತದೆ, ಶ್ವಾಸಕೋಶದ ತಳಭಾಗ ಮುಚ್ಚಿಕೊಳ್ಳುತ್ತದೆ, ಮೂರನೆಯ ದಿನಕ್ಕೆ ಜ್ವರ, ನ್ಯುಮೋನಿಯಾ. ಅಮ್ಮ ತಡೆದುಕೊಂಡ ನೋವು ಹೀಗೆ ಬೇರೆ ದಾರಿಯಿಂದ ವಸೂಲಿಯಾಗುತ್ತದೆ.

ನಾವು ಒಂದೇ ಬಲವಾದ ಔಷಧವನ್ನು ನೆಚ್ಚಿಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಬೆನ್ನೆಲುಬಿನ ಪಕ್ಕದಲ್ಲಿ ಅಥವಾ ಪಕ್ಕೆಲುಬಿನ ನರಗಳ ಸುತ್ತ ಮರಗಟ್ಟಿಸುವ ಔಷಧ ಹಾಕುತ್ತಾರೆ. ಆಮೇಲೆ ಪ್ಯಾರಸಿಟಮಾಲ್, ಮೂತ್ರಪಿಂಡ ಮತ್ತು ಹೊಟ್ಟೆ ಒಪ್ಪುವುದಾದರೆ ಉರಿಯೂತ ತಗ್ಗಿಸುವ ಮಾತ್ರೆ. ಇವನ್ನು ಕೇಳಿದಾಗಲಲ್ಲ, ಗಡಿಯಾರ ನೋಡಿ ಕೊಡುತ್ತೇವೆ. ಮಾರ್ಫಿನ್ ಜಾತಿಯ ಔಷಧ ಕಡೆಯ ಆಸರೆ, ಅದೂ ಸಣ್ಣ ಪ್ರಮಾಣದಲ್ಲಿ. ಅದರಿಂದ ಮಂಪರು, ವಾಂತಿ, ಮಲಬದ್ಧತೆ ಬರುತ್ತವೆ, ಮೂರೂ ಚೇತರಿಕೆಯ ಶತ್ರುಗಳು. ನಾಲ್ಕೈದು ದಿನದ ಚಿಕಿತ್ಸೆಯಿಂದ ಚಟ ಹತ್ತುವ ಭಯ ಬೇಡ.

ನೋವಿಗೆ ಅಂಕ ಕೊಡಿ ಎಂದಾಗ ಹಿರಿಯರಿಗೆ ಗೊಂದಲವಾಗುತ್ತದೆ. ನಾನು ಬೇರೆಯದನ್ನೇ ಕೇಳುತ್ತೇನೆ: ಜೋರಾಗಿ ಕೆಮ್ಮಲು ಆಗುತ್ತದೆಯೇ? ಆಗದಿದ್ದರೆ ಔಷಧ ಸಾಲದು ಎಂದರ್ಥ, ಅಂಕ ಎರಡೇ ಇರಲಿ. ಕೆಮ್ಮುವಾಗ ಗಾಯದ ಮೇಲೆ ಮಡಿಸಿದ ಟವೆಲ್ ಅಥವಾ ದಿಂಬನ್ನು ಒತ್ತಿ ಹಿಡಿಯಿರಿ. ಹೊಲಿಗೆ ಬಿಚ್ಚಿಹೋಗುವುದಿಲ್ಲ.

ಪಕ್ಕದಲ್ಲಿ ಬಾಟಲಿ ನೇತುಹಾಕಿದ್ದಾರೆ, ಗುಳುಗುಳು ಎನ್ನುತ್ತಿದೆ. ಗಾಬರಿಪಡಬೇಕೇ?

ಶ್ವಾಸಕೋಶದ ಕತ್ತರಿಸಿದ ಅಂಚಿನಿಂದ ಒಂದಿಷ್ಟು ಗಾಳಿ ಸೋರುವುದುಂಟು, ಸ್ವಲ್ಪ ರಕ್ತ ಬೆರೆತ ನೀರೂ ಒಸರುತ್ತದೆ. ಇವು ಎದೆಗೂಡಿನಲ್ಲಿ ನಿಂತರೆ ಶ್ವಾಸಕೋಶ ಅರಳುವುದಿಲ್ಲ. ಅದಕ್ಕೆ ಒಂದು ನಳಿಕೆ. ಮೊದಲು ಎರಡು ಹಾಕುತ್ತಿದ್ದರು, ಈಗ ಒಂದೇ ಸಾಕು. ಬಾಟಲಿಯಲ್ಲಿನ ನೀರು ಬಾಗಿಲಿನಂತೆ ಕೆಲಸ ಮಾಡುತ್ತದೆ, ಗಾಳಿ ಹೊರಗೆ ಹೋಗಬಹುದು, ಒಳಗೆ ಬರಲಾರದು. ಉಸಿರಿನೊಂದಿಗೆ ನೀರಿನ ಮಟ್ಟ ಏರಿಳಿಯುವುದು ಸಹಜ. ಕೆಮ್ಮಿದಾಗ ಗುಳ್ಳೆ ಬಂದರೆ ಸೋರಿಕೆ ಇನ್ನೂ ಇದೆ ಎಂದರ್ಥ. ಕೆಲವೆಡೆ ಬಾಟಲಿಯ ಬದಲು ಡಿಜಿಟಲ್ ಪೆಟ್ಟಿಗೆ ಇರುತ್ತದೆ, ನಿಮಿಷಕ್ಕೆ ಎಷ್ಟು ಗಾಳಿ ಸೋರುತ್ತಿದೆ ಎಂದು ಅದೇ ತೋರಿಸುತ್ತದೆ.

ನೀವು ನೆನಪಿಡಬೇಕಾದದ್ದು ಇಷ್ಟೇ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಲಿ. ನಳಿಕೆಯ ಮೇಲೆ ಮಲಗಬೇಡಿ. ಎಕ್ಸ್‌ರೇಗೆ ಕರೆದೊಯ್ಯುವ ಹುಡುಗ ಬಾಟಲಿಯನ್ನು ಎತ್ತಿ ರೋಗಿಯ ಹೊಟ್ಟೆಯ ಮೇಲೆ ಇಟ್ಟರೆ ತಕ್ಷಣ ಕೆಳಗಿಡಿಸಿ. ಯಾರೂ ಹೇಳದೆ ನಳಿಕೆಗೆ ಕ್ಲಿಪ್ ಹಾಕಬಾರದು.

ಗಾಳಿ ನಿಂತು, ನೀರು ತಿಳಿಯಾಗಿ, 24 ಗಂಟೆಯಲ್ಲಿ 450 ಮಿ.ಲೀ. ಒಳಗಿದ್ದರೆ ನಳಿಕೆ ತೆಗೆಯಬಹುದು ಎಂಬುದು ಇರಾಸ್ ಶಿಫಾರಸು. ಒಂದು ತೊಟ್ಟೂ ಬರದಿರುವವರೆಗೆ ಕಾಯುವ ಅಗತ್ಯವಿಲ್ಲ. ನಳಿಕೆ ಬೇಗ ಹೋದಷ್ಟು ನೋವು ಕಡಿಮೆ, ನಡಿಗೆ ಸಲೀಸು. ಗಾಳಿ ಐದು ದಿನ ದಾಟಿಯೂ ಸೋರುತ್ತಿದ್ದರೆ ಅದು ದೀರ್ಘ ಸೋರಿಕೆ. ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಇರುವವರಲ್ಲಿ ಇದು ಹೆಚ್ಚು. ಬಹುತೇಕ ತಾನಾಗಿಯೇ ನಿಲ್ಲುತ್ತದೆ. ಕೆಲವರನ್ನು ಸಣ್ಣ ಚೀಲದೊಂದಿಗೇ ಮನೆಗೆ ಕಳಿಸಿ, ವಾರದ ಮೇಲೆ ಕರೆಸಿ ತೆಗೆಯುತ್ತಾರೆ. ಊಟ ಮಾಡಿದ ಮೇಲೆ ಬಾಟಲಿಗೆ ಹಾಲಿನಂಥ ಬಿಳಿ ದ್ರವ ಬಂದರೆ ನರ್ಸ್‌ಗೆ ಕೂಡಲೇ ತೋರಿಸಿ.

ಮೊದಲ ದಿನವೇ ಎಬ್ಬಿಸಿ ನಡೆಸುತ್ತೀರಲ್ಲ, ಕರುಣೆ ಬೇಡವೇ?

ಈ ಬೈಗುಳ ನನ್ನ ಪಾಲಿಗೆ ವಾರಕ್ಕೊಮ್ಮೆ ಬರುತ್ತದೆ. ಬಾಣಂತಿಯನ್ನು ಬೆಚ್ಚಗೆ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ಓಡಾಡದಂತೆ ನೋಡಿಕೊಂಡು ಬಂದ ಮನೆಗಳು ನಮ್ಮವು. ಆರೈಕೆ ಎಂದರೆ ಮಲಗಿಸುವುದು ಎಂದೇ ನಮ್ಮ ಮನಸ್ಸಿನಲ್ಲಿದೆ. ಆದರೆ ಚಿತ್ತಾಗಿ ಮಲಗಿದವರ ಶ್ವಾಸಕೋಶದ ಹಿಂಬದಿ ಮುಚ್ಚಿಕೊಳ್ಳುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಸ್ನಾಯು ದಿನದಿನಕ್ಕೂ ಕರಗುತ್ತದೆ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಅದಕ್ಕೇ ಅದೇ ಸಂಜೆ ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತೇವೆ. ಮರುದಿನ ಬೆಳಿಗ್ಗೆ ಕುರ್ಚಿ, ಕುರ್ಚಿಯಲ್ಲೇ ಇಡ್ಲಿ. ಆಮೇಲೆ ಬಾಟಲಿ ಕೈಯಲ್ಲಿ ಹಿಡಿದು ಬಾಗಿಲವರೆಗೆ, ಮಧ್ಯಾಹ್ನ ನರ್ಸ್ ಮೇಜಿನವರೆಗೆ, ಸಂಜೆ ಕಾರಿಡಾರಿನ ಕೊನೆಯ ಕಿಟಕಿಯವರೆಗೆ. ತಲೆ ತಿರುಗಿದರೆ, ರಕ್ತದೊತ್ತಡ ಇಳಿದರೆ ನಿಲ್ಲಿಸುತ್ತೇವೆ. ಹೆಪ್ಪು ತಡೆಯುವ ಚುಚ್ಚುಮದ್ದು ಜೊತೆಗೇ ನಡೆಯುತ್ತದೆ. ಅಪಾಯ ಹೆಚ್ಚಿರುವವರಿಗೆ ಮನೆಗೆ ಹೋದ ಮೇಲೂ ನಾಲ್ಕು ವಾರದವರೆಗೆ ಮುಂದುವರಿಸಬಹುದು.

ಜೊತೆಗಿರುವವರು ಇಲ್ಲಿ ನಮಗೆ ಬಲಗೈ. ಆದರೆ ನೀರಿನ ಲೋಟವನ್ನೂ ಬಾಯಿಗೆ ಹಿಡಿಯುವ ಸೇವೆ ಬೇಡ. ಅವರೇ ಕೈ ಚಾಚಲಿ. ಶಸ್ತ್ರಚಿಕಿತ್ಸೆ ಆದ ಕಡೆಯ ಕೈಯಾದರೆ ಇನ್ನೂ ಒಳ್ಳೆಯದು, ಭುಜ ಬಿಗಿಯುವುದಿಲ್ಲ. ಊರಿನಿಂದ ಹನ್ನೆರಡು ಜನ ಒಟ್ಟಿಗೆ ನೋಡಲು ಬರುವುದನ್ನು ದಯವಿಟ್ಟು ಮುಂದೂಡಿ.

ಎರಡನೆಯ ದಿನ ಎದೆ ಡವಡವ ಎಂದಿತು, ಮತ್ತೆ ಐಸಿಯುಗೆ ಒಯ್ದರು. ಏನಾಗಿತ್ತು?

ಹೆಚ್ಚಾಗಿ ಅದು ಹೃದಯದ ಮೇಲಿನ ಕೋಣೆಗಳ ತಾಳ ತಪ್ಪುವಿಕೆ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯ, ಎರಡನೆಯ ಮೂರನೆಯ ದಿನ ಹೆಚ್ಚು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಔಷಧಕ್ಕೆ ಬಗ್ಗುತ್ತದೆ. ಹೃದಯಾಘಾತವಲ್ಲ. ಮೊದಲಿನಿಂದ ಬೀಟಾ ಬ್ಲಾಕರ್ (ಎದೆಬಡಿತ ನಿಧಾನಿಸುವ) ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಅದನ್ನು ತಾವಾಗಿಯೇ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಎಷ್ಟು ದಿನಕ್ಕೆ ಮನೆ? ವಯಸ್ಸು 76 ಆದರೆ?

ಸಾಮಾನ್ಯವಾಗಿ ಮೂರರಿಂದ ಐದು ದಿನ. ನಾವು ನೋಡುವುದು ದಿನಗಳನ್ನಲ್ಲ. ನಳಿಕೆ ಹೋಗಿದೆಯೇ, ಮಾತ್ರೆಯಿಂದಲೇ ನೋವು ತಡೆಯುತ್ತಿದೆಯೇ, ಊಟ ಸೇರುತ್ತಿದೆಯೇ, ಶೌಚಕ್ಕೆ ತಾವೇ ಹೋಗಿ ಬರುತ್ತಾರೆಯೇ, ಆಮ್ಲಜನಕವಿಲ್ಲದೆ ಮೆಟ್ಟಿಲು ಹತ್ತಬಲ್ಲರೇ? ಇಷ್ಟಾದರೆ ಮೂರನೆಯ ದಿನವೂ ಹೊರಡಬಹುದು, ಆಗದಿದ್ದರೆ ಎಂಟನೆಯ ದಿನವೂ ಇಲ್ಲ. ವಯಸ್ಸು ಇದಕ್ಕೆ ಅಡ್ಡಿಯಲ್ಲ. ಹಾಸಿಗೆ ಹಿಡಿದರೆ ಹೆಚ್ಚು ಕಳೆದುಕೊಳ್ಳುವವರು ಹಿರಿಯರೇ ಆದ್ದರಿಂದ ಈ ಕ್ರಮ ಅವರಿಗೇ ಹೆಚ್ಚು ಬೇಕು.

ಮನೆಗೆ ಹೋದ ಮೇಲೆ ಸ್ನಾನ, ಕೆಲಸ, ಬೈಕು, ವಿಮಾನ?

ಸ್ನಾನ ಮಾಡಬಹುದು, ಗಾಯವನ್ನು ಉಜ್ಜದೆ ಒತ್ತಿ ಒರೆಸಿ. ಅರಿಶಿನ, ಎಣ್ಣೆ ಹಚ್ಚಬೇಡಿ. ಯಾವ ಮಗ್ಗುಲಿಗೆ ಬೇಕಾದರೂ ಮಲಗಬಹುದು. ಒಣಕೆಮ್ಮು ಕೆಲವು ವಾರ ಕಾಡುತ್ತದೆ, ಮೆಲ್ಲಗೆ ಹೋಗುತ್ತದೆ. ಗಾಯದ ಮುಂಭಾಗದಲ್ಲಿ, ಸ್ತನದ ಕೆಳಗೆ ಜೋಮು, ಉರಿ ಇರಬಹುದು. ಅದು ನರದ ನೋವು. ಎರಡು ತಿಂಗಳು ದಾಟಿಯೂ ಉಳಿದರೆ ಅದಕ್ಕೆ ಬೇರೆಯದೇ ಔಷಧವಿದೆ, ‘ಆಪರೇಷನ್ ಆದ ಮೇಲೆ ಇರುತ್ತದೆ ಬಿಡಿ’ ಎಂದು ಸುಮ್ಮನಾಗಬೇಡಿ.

ನಡಿಗೆಯನ್ನು ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ತುಂಬಿದ ಕೊಡ, ಗೊಬ್ಬರದ ಮೂಟೆ, ಮೊಮ್ಮಗು, ಮೂರನ್ನೂ ಒಂದೂವರೆ ತಿಂಗಳು ಎತ್ತುವುದು ಬೇಡ. ಬೈಕು, ಕಾರು ನಡೆಸಲು ಥಟ್ಟನೆ ಬ್ರೇಕ್ ಒತ್ತಿ ಮೈ ತಿರುಗಿಸಿದಾಗ ನೋವಾಗಬಾರದು, ಮಂಪರು ತರುವ ಮಾತ್ರೆ ನಿಂತಿರಬೇಕು. ದಾಂಪತ್ಯದ ಬಗ್ಗೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ನಾನೇ ಹೇಳುತ್ತೇನೆ: ಎರಡು ಮಹಡಿ ಹತ್ತಿದರೂ ಏದುಸಿರು ಬರದಷ್ಟು ಚೇತರಿಸಿಕೊಂಡ ಮೇಲೆ ಅಡ್ಡಿಯಿಲ್ಲ. ಎದೆಯಲ್ಲಿ ಗಾಳಿ ಉಳಿದಿದ್ದರೆ ಅದು ವಿಮಾನದಲ್ಲಿ ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಅದು ಪೂರ್ತಿ ಹೋಗಿದೆ ಎಂದು ಕಂಡಮೇಲೂ ಕನಿಷ್ಠ ಒಂದು ವಾರ ಬಿಟ್ಟು, ವೈದ್ಯರ ಒಪ್ಪಿಗೆ ಪಡೆದೇ ಟಿಕೆಟ್ ತೆಗೆಯಿರಿ. ಮಗಳು ದುಬೈಯಲ್ಲಿ ಕಾಯುತ್ತಿದ್ದರೂ ಸರಿಯೇ. ಮನೆಯಲ್ಲಿ ಸೌದೆ ಒಲೆ ಇದ್ದರೆ ಅಡುಗೆಯ ಹೊಗೆಯಿಂದ ದೂರವಿರಿ, ಅಗರಬತ್ತಿ, ಸೊಳ್ಳೆಬತ್ತಿಯಿಂದಲೂ.

ಯಾವಾಗ ತಕ್ಷಣ ಆಸ್ಪತ್ರೆಗೆ ಬರಬೇಕು?

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಹೊಸದಾಗಿ ಬಂದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಕೆಮ್ಮಿದಾಗ ರಕ್ತ ಬಂದರೆ, ಕುತ್ತಿಗೆ ಮುಖ ಊದಿ ಮುಟ್ಟಿದರೆ ಚರ್ಮದಡಿ ಚರಚರ ಎಂದರೆ, ಎದೆಬಡಿತ ತಪ್ಪಿ ತಲೆಸುತ್ತು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹಸಿರು ಹಳದಿ ಕಫ, ಗಾಯದಿಂದ ಕೀವು ಬಂದರೆ ಅದೇ ದಿನ ವಾರ್ಡಿಗೆ ಫೋನ್ ಮಾಡಿ. ಹತ್ತಿರದ ಕ್ಲಿನಿಕ್ಕಿಗೆ ಹೋದರೂ ಡಿಸ್ಚಾರ್ಜ್ ಪತ್ರ ಕೈಯಲ್ಲಿರಲಿ.

ಗಡ್ಡೆ ತೆಗೆದ ಮೇಲೆ ಮತ್ತೆ ಚಿಕಿತ್ಸೆ ಏಕೆ?

ತೆಗೆದ ಭಾಗದ ವರದಿ ಬಂದ ಮೇಲೆಯೇ ಹಂತ ಖಚಿತವಾಗುವುದು. ಗ್ರಂಥಿಗಳಲ್ಲಿ ಕ್ಯಾನ್ಸರ್ ಕಣಗಳು ಸಿಕ್ಕರೆ, ಗಡ್ಡೆ ದೊಡ್ಡದಿದ್ದರೆ ಕಿಮೋಥೆರಪಿ ಸೂಚಿಸಬಹುದು. ಇಜಿಎಫ್‌ಆರ್, ಎಎಲ್‌ಕೆ ಎಂಬ ವಂಶವಾಹಿಗಳಲ್ಲಿ ಬದಲಾವಣೆ ಇದ್ದರೆ ಅದಕ್ಕೇ ಗುರಿಯಿಟ್ಟ ಮಾತ್ರೆಗಳಿವೆ. ಕಿಮೋ ತಡೆಯುವ ಶಕ್ತಿ ಸಮಯಕ್ಕೆ ಸರಿಯಾಗಿ ಬರಬೇಕಲ್ಲ, ಬೇಗ ಚೇತರಿಸಿಕೊಳ್ಳಬೇಕೆಂದು ನಾವು ಹಟ ಹಿಡಿಯುವುದಕ್ಕೆ ಇದು ದೊಡ್ಡ ಕಾರಣ. ಆಮೇಲೆ ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್.

ಖರ್ಚು?

ಸ್ಟೇಪ್ಲರಿನ ಕಾರ್ಟ್ರಿಜ್‌ಗಳು ದುಬಾರಿ, ರೋಬೋಟ್ ಇನ್ನೂ ದುಬಾರಿ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಶಸ್ತ್ರಚಿಕಿತ್ಸೆ ಅದರಲ್ಲಿ ಹೇಗೆ ಬರುತ್ತದೆ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ ಎಂಬುದು ನಿಮಗೆ ತಿಳಿದೇ ಇರುತ್ತದೆ. ಇರಾಸ್‌ಗೆ ಮಾತ್ರ ಪ್ರತ್ಯೇಕ ಬಿಲ್ಲಿಲ್ಲ. ನಡಿಗೆ, ಬೀಡಿ ಬಿಡುವುದು, ಎರಡು ಗಂಟೆ ಮೊದಲಿನ ನೀರು, ಬೇಗ ತೆಗೆದ ನಳಿಕೆ, ಇವಕ್ಕೆಲ್ಲ ದುಡ್ಡು ಬೇಡ.

ನಮ್ಮ ತಂದೆ ಯಕ್ಷಗಾನದ ಭಾಗವತರು. ಮತ್ತೆ ಹಾಡಬಹುದೇ?

ಕರಾವಳಿಯ ಒಬ್ಬ ಮಗ ಇದನ್ನು ಕೇಳಿದ ಮೇಲೆ ಪುಟಕ್ಕೆ ಸೇರಿಸಿದ್ದೇನೆ. ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರ ಎದೆಯೊಳಗೆ ಇಳಿದು, ಮಹಾಪಧಮನಿಯ ಕಮಾನನ್ನು ಸುತ್ತಿ ಮೇಲೇರುತ್ತದೆ. ಆ ಜಾಗದ ಗ್ರಂಥಿಗಳನ್ನು ತೆಗೆಯುವಾಗ ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಇದು ವಿರಳ, ಆದರೂ ಹಾಡುವವರು, ಪಾಠ ಹೇಳುವವರು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಬೇಕು. ನಳಿಕೆಯಿಂದ ಬಂದ ಗಂಟಲಿನ ಕೆರೆತ ಹೋದಮೇಲೂ, ಎರಡು ವಾರ ಕಳೆದರೂ ದನಿ ಒಡಕಾಗಿಯೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ದನಿ ಸರಿಯಿದ್ದರೆ ಹಾಡುವುದು ಒಳ್ಳೆಯ ಉಸಿರಿನ ವ್ಯಾಯಾಮ. ಮೊದಲ ತಿಂಗಳು ಕುಳಿತು, ಕೆಳಗಿನ ಶ್ರುತಿಯಲ್ಲಿ, ಒಂದೊಂದು ಪದ್ಯ. ಎರಡು ತಿಂಗಳ ಮೇಲೆ ಮದ್ದಳೆಯವರನ್ನು ಮನೆಗೆ ಕರೆಸಿಕೊಳ್ಳಿ. ಚೆಂಡೆಯ ಜೊತೆ ಏರುಪದ್ಯ ಹಾಡುವುದಕ್ಕೆ, ಇಡೀ ರಾತ್ರಿಯ ಆಟಕ್ಕೆ ಆತುರ ಬೇಡ. ಆ ತಂದೆ ಮಾತ್ರ ನಾಲ್ಕನೆಯ ದಿನ ವಾರ್ಡಿನಲ್ಲೇ, ಬಾಟಲಿ ಪಕ್ಕದಲ್ಲಿಟ್ಟುಕೊಂಡು, ತೊಡೆಯ ಮೇಲೆ ತಾಳ ಹಾಕಿ ಗಣಪತಿ ಸ್ತುತಿ ಶುರುಮಾಡಿದ್ದರು. ನಾನು ಬಾಟಲಿಯಲ್ಲಿ ಗುಳ್ಳೆ ಬರುತ್ತಿದೆಯೇ ಎಂದು ನೋಡಿದೆ. ಬರುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ನಳಿಕೆ ತೆಗೆದೆವು.